ಚಿಕ್ಕಪ್ಪನ ಮಗಳು

ಕಳೆದ ಜುಲೈನ ಒಂದು ಭಾನುವಾರ. ಮುಂಬೈನ ಚೆಂಬೂರಿನ ನಮ್ಮ ಮನೆಯ ಕಿಟಕಿಗೆ ಮಳೆ ಬಡಿಯುತ್ತಿತ್ತು. ಹಾಸನದಿಂದ ಬಂದಿದ್ದ ಅಮ್ಮ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದರು. ನಾನು ಕನ್ನಡಕ್ಕೆ ತರುತ್ತಿದ್ದ ಈಜಿಪ್ಟಿನ ಹಳ್ಳಿಯ ಕತೆಯೊಂದನ್ನು ಓದಿ ಹೇಳುತ್ತಿದ್ದೆ. ನನ್ನದು ಮಸ್ಕತ್‌ನಲ್ಲಿ ಕೆಲಸ ಮಾಡುವಾಗ ಕಲಿತ ಅರಬ್ಬಿ. ಕನ್ನಡ ಮಾತ್ರ ಅಮ್ಮನದು. ಅವರ ಕಿವಿಗೆ ಬೀಳದೆ ನನ್ನ ಯಾವ ಅನುವಾದವೂ ಮುಗಿಯುವುದಿಲ್ಲ.

ಆ ಕತೆಯ ಒಂದು ಪದ ಎರಡು ವಾರ ನಿದ್ದೆ ಕೆಡಿಸಿತ್ತು. 'ಅಮ್ಮ್'. ನಮ್ಮ ಕಿವಿಗೆ ಅಮ್ಮ ಅಂತಲೇ ಕೇಳುತ್ತದೆ, ಅರ್ಥ ಮಾತ್ರ ಅಪ್ಪನ ಒಡಹುಟ್ಟಿದವನು. ತಾಯಿಯ ಕಡೆಯವನಿಗೆ 'ಖಾಲ್' ಅಂತ ಬೇರೆ ಪದವೇ ಇದೆ, ನಮ್ಮ ಸೋದರಮಾವನ ಹಾಗೆ. ಆದರೆ ಈ ಅಮ್ಮ್ ದೊಡ್ಡಪ್ಪನೋ ಚಿಕ್ಕಪ್ಪನೋ? ಅರಬ್ಬಿ ಹೇಳುವುದಿಲ್ಲ, ಕನ್ನಡದಲ್ಲಿ ಹೇಳದೆ ಗತಿಯಿಲ್ಲ. ಕೊನೆಗೆ ಹಬ್ಬದ ದಿನದ ಒಂದು ಸಾಲು ಸಿಕ್ಕಿತು. ಅವನು ಬಂದು ಹುಡುಗನ ಅಪ್ಪನ ಕೈಗೆ ಮುತ್ತಿಡುತ್ತಾನೆ. ಹಾಗಾದರೆ ಚಿಕ್ಕವನೇ. ಚಿಕ್ಕಪ್ಪ ಅಂತ ಬರೆದು ಹಗುರಾಗಿದ್ದೆ.

ಮದುವೆಯ ಮಾತು ಬಂತು. ಅಮ್ಮನ ಕೈ ನಿಂತಿತು.

"ಚಿಕ್ಕಪ್ಪನ ಮಗಳನ್ನ ಮದುವೆ ಆಗ್ತಾನಾ? ಅವಳು ತಂಗಿ ಅಲ್ವಾ?"

1940ರ ದಶಕದಿಂದಲೇ ಅರಬ್ಬಿ ಕತೆಗಳನ್ನು ಇಂಗ್ಲಿಷಿಗೆ ತಂದ ಡೆನಿಸ್ ಜಾನ್ಸನ್-ಡೇವಿಸ್ ಅವರಿಗೆ ಈ ಕಷ್ಟ ಇರಲಿಲ್ಲ. ಕಸಿನ್ ಅಂದರೆ ಸಾಕು, ಯಾವ ಕಡೆಯವಳು ಅಂತ ಯಾರೂ ಕೇಳುವುದಿಲ್ಲ.

ರಾತ್ರಿ ಕೂತು ಎಲ್ಲ ಕಡೆ 'ಸೋದರಮಾವನ ಮಗಳು' ಮಾಡಿದೆ. ಓದಲು ಹಾಯಾಗಿತ್ತು. ಕತೆ ಮಾತ್ರ ಸತ್ತುಹೋಗಿತ್ತು. ಅಣ್ಣತಮ್ಮಂದಿರಿಗೆ ಸೇರಿದ ಒಂದೇ ಖರ್ಜೂರದ ತೋಟ ಅದು. ಮಗಳು ಹೊರಗೆ ಹೋದರೆ ಅವಳ ಪಾಲಿನ ಮರಗಳೂ ಹೋಗುತ್ತವೆ. ಅದಕ್ಕೇ ಈ ಮದುವೆ. ಸೋದರಮಾವ ಬಂದರೆ ತೋಟವೇ ಬೇರೆಯವರದು! ಅಲ್ಲದೆ ಅರಬ್ಬರಲ್ಲಿ ಹೆಂಡತಿಯನ್ನು ಪ್ರೀತಿಯಿಂದ 'ಅಮ್ಮ್‌ನ ಮಗಳೇ' ಅಂತ ಕರೆಯುವ ರೂಢಿಯಿದೆ, ನಂಟಿಲ್ಲದಿದ್ದರೂ. ಹೆಂಡತಿಯ ಅಪ್ಪನನ್ನೂ ಅಮ್ಮ್ ಅನ್ನುತ್ತಾರೆ.

ಬೆಳಿಗ್ಗೆ ಕಾಫಿ ಹೊತ್ತಿಗೆ ಇದನ್ನೆಲ್ಲ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು.

"ನಮ್ಮಲ್ಲಿ ಸೋದರಮಾವ ಮಾವ ಆಗ್ತಾನೆ. ಅವರಲ್ಲಿ ಚಿಕ್ಕಪ್ಪ ಆಗ್ತಾನೆ. ಅಷ್ಟೇ ತಾನೆ? ಇದ್ದ ಹಾಗೇ ಬರಿ. ನಾನು ಕೇಳಿದ್ನಲ್ಲ, ಓದೋರೂ ಕೇಳ್ಕೊಳ್ಳಲಿ."

ಹಾರ್ಬರ್ ಲೈನಿನ ಲೋಕಲ್‌ನಲ್ಲಿ ನಿಂತುಕೊಂಡೇ ಪೆನ್ಸಿಲ್ ಹಿಡಿದು ಸೋದರಮಾವನನ್ನು ಒಂದೊಂದು ಸಾಲಿನಿಂದಲೂ ಹೊಡೆದು ಹಾಕಿದೆ. ಕೊನೆಯ ಪುಟ ಮುಗಿಯುವಾಗ ವಡಾಲಾ ದಾಟಿತ್ತು.