ಬ್ಯಾಟರಿ ಬಂತು, ಜೋಡಣೆ ಮುಂದಕ್ಕೆ ಹೋಯಿತು

ಕಾಯುತ್ತಿದ್ದ ಸಾಮಾನು ಶನಿವಾರ ಬೆಳಿಗ್ಗೆ ಮನೆ ಸೇರಿತು: 24 ವೋಲ್ಟಿನ ಸೈನ್ ವೇವ್ ಇನ್ವರ್ಟರ್ ಒಂದು, 12 ವೋಲ್ಟ್ 150 ಎಎಚ್ (ಆಂಪಿಯರ್ ಅವರ್) ಟ್ಯೂಬುಲರ್ ಬ್ಯಾಟರಿ ಎರಡು. ಕೇಬಲ್, ಟ್ರಾಲಿ ಎಲ್ಲವೂ ಸಿದ್ಧವಿದ್ದವು, ಸಂಜೆಯೊಳಗೆ ಜೋಡಿಸಿ ಮುಗಿಸಬಹುದಿತ್ತು. ಆದರೆ ನಟ್ಟು ಬಿಗಿದ ಮೇಲೆ ಕಾಣುವ ದೋಷ ಕಾರ್ಖಾನೆಯದೋ, ಸಾಗಣೆಯದೋ, ನನ್ನ ಕೈಯದೋ ಎಂದು ಹೇಳುವವರು ಯಾರು? ಮೊದಲು ಪರೀಕ್ಷೆ, ಆಮೇಲೆ ಜೋಡಣೆ ಎಂದು ನಿರ್ಧರಿಸಿದೆ.

ಇನ್ವರ್ಟರ್ ಹೆಚ್ಚು ಹೊತ್ತು ಹಿಡಿಯಲಿಲ್ಲ. ಪೆಟ್ಟಿಗೆಯ ಒಂದು ಮೂಲೆ ನಜ್ಜಾಗಿತ್ತು, ಬಿಚ್ಚುವ ಮೊದಲೇ ಅದರ ಫೋಟೊ ತೆಗೆದೆ. ಒಳಗಿನ ಟ್ರಾನ್ಸ್‌ಫಾರ್ಮರ್ ಭಾರವಾದುದರಿಂದ ಗಾಡಿಯ ಕುಲುಕಾಟಕ್ಕೆ ಅದರ ಬೋಲ್ಟು ಸಡಿಲವಾಗುವುದುಂಟು. ಮೆಲ್ಲಗೆ ಎರಡೂ ಬದಿಗೆ ವಾಲಿಸಿ ಕಿವಿಗೊಟ್ಟೆ, ಸದ್ದಿಲ್ಲ. ಸೀಲ್ ಒಡೆದರೆ ವಾರಂಟಿ ಹೋಗುತ್ತದೆ, ಮುಚ್ಚಳ ತೆರೆಯಲಿಲ್ಲ. ಸೀರಿಯಲ್ ಸಂಖ್ಯೆ ವಾರಂಟಿ ಕಾರ್ಡಿನಲ್ಲಿದ್ದುದಕ್ಕೆ ಸರಿಹೊಂದಿತು.

ಬ್ಯಾಟರಿಗಳನ್ನು ಕೆಲವು ಗಂಟೆ ಅಲುಗಾಡಿಸದೆ ಬಿಟ್ಟು, ಕಿಟಕಿ ತೆರೆದು, ಕನ್ನಡಕ, ಕೈಗವಸು ಹಾಕಿಕೊಂಡು ಕುಳಿತೆ. ಮೊದಲನೆಯದು 12.49 ವೋಲ್ಟ್, ಎರಡನೆಯದು 12.32. ಆರು ಸೆಲ್‌ಗಳ ಬ್ಯಾಟರಿಯಲ್ಲಿ ಈ 0.17 ವೋಲ್ಟ್ ಸಣ್ಣದೆಂದು ತೋರಬಹುದು. ಆದರೆ ಮಲ್ಟಿಮೀಟರ್ ಆರರ ಮೊತ್ತವನ್ನಷ್ಟೇ ಹೇಳುತ್ತದೆ, ಯಾವ ಸೆಲ್ ಸೋತಿದೆ ಎಂದು ಹೇಳುವುದಿಲ್ಲ. ಅದಕ್ಕೆ ಒಂದೊಂದೇ ಸೆಲ್ಲಿನ ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಬೇಕು.

ಈ ಬ್ಯಾಟರಿಗೆ 27 ಡಿಗ್ರಿಯಲ್ಲಿ, ಪೂರ್ಣ ಚಾರ್ಜಿನಲ್ಲಿ ಗ್ರ್ಯಾವಿಟಿ, ಅಂದರೆ ನೀರಿಗೆ ಹೋಲಿಸಿದ ಆಮ್ಲದ ಸಾಂದ್ರತೆ, 1.240 ಇರಬೇಕೆಂದು ಕೈಪಿಡಿ ಹೇಳುತ್ತದೆ. ಮೊದಲನೆಯದರ ಆರೂ ಸೆಲ್‌ಗಳು ಅದೇ ಮಟ್ಟದಲ್ಲಿದ್ದವು, ನೋಡಿ ಸಂತೋಷವಾಯಿತು. ಎರಡನೆಯದರಲ್ಲಿ ಐದು ಸೆಲ್‌ಗಳು 1.220, ಮೂರನೆಯದು ಮಾತ್ರ 1.180. ಐದರ ಕೊರತೆಗೆ ಗೋದಾಮಿನಲ್ಲಿ ಕಳೆದ ದಿನಗಳೇ ಸಾಕು. ಲೆಡ್ ಆಸಿಡ್ ಬ್ಯಾಟರಿ ಸುಮ್ಮನೆ ಇಟ್ಟರೂ ಚಾರ್ಜ್ ಕಳೆದುಕೊಳ್ಳುತ್ತದೆ. ಮೂರನೆಯದರ ಕಥೆ ಬೇರೆ. ಅದರ ವೆಂಟ್ ಪ್ಲಗ್ಗಿನ (ಗಾಳಿ ಬಿಡುವ ಮುಚ್ಚಳದ) ಸುತ್ತ ತೇವವಿತ್ತು. ಚಿಟಿಕೆ ಅಡುಗೆ ಸೋಡಾ ಉದುರಿಸಿದೆ, ನೊರೆ ಎದ್ದಿತು. ಆಮ್ಲವೇ. ಆದರೂ ಒಳಗಿನ ದ್ರವ ಎಷ್ಟಿದೆ ಎಂದು ತೋರಿಸುವ ಫ್ಲೋಟ್ ಮಾತ್ರ ಸರಿಯಾದ ಮಟ್ಟವನ್ನೇ ತೋರಿಸುತ್ತಿತ್ತು.

ಭಾನುವಾರ ಆ ಬ್ಯಾಟರಿಯೊಂದನ್ನೇ 10 ಆಂಪಿಯರ್ ಚಾರ್ಜರಿಗೆ ಹಾಕಿದೆ. ಸತತ ಮೂರು ಗಂಟೆ ಗ್ರ್ಯಾವಿಟಿ ಏರದೆ ನಿಂತ ಮೇಲೆ ತೆಗೆದು, ರಾತ್ರಿಯೆಲ್ಲ ಹಾಗೆಯೇ ಬಿಟ್ಟೆ. ಸೋಮವಾರ ಬೆಳಿಗ್ಗೆ ಐದು ಸೆಲ್‌ಗಳು 1.240ಕ್ಕೆ ಬಂದಿದ್ದವು, ಮೂರನೆಯದು 1.205ರಲ್ಲೇ ನಿಂತಿತ್ತು. ಒಟ್ಟು ವೋಲ್ಟೇಜ್ 12.45. ಬರೀ ಮಲ್ಟಿಮೀಟರ್ ಹಿಡಿದಿದ್ದರೆ ಇದನ್ನು ನಾನು ಒಳ್ಳೆಯ ಬ್ಯಾಟರಿ ಎಂದೇ ಒಪ್ಪಿಕೊಳ್ಳುತ್ತಿದ್ದೆ.

ದಾರಿಯಲ್ಲಿ ಆಮ್ಲ ಚೆಲ್ಲಿದೆ, ಯಾರೋ ನೀರು ತುಂಬಿ ಮಟ್ಟ ಸರಿಮಾಡಿದ್ದಾರೆ ಎಂಬುದು ನನ್ನ ಬಲವಾದ ಅನುಮಾನ. ಆಮ್ಲ ಸೇರಿಸಿ ಸರಿಪಡಿಸುವ ಯೋಚನೆ ಬಂದರೂ ಕೈಬಿಟ್ಟೆ. ಹೊಸ ಬ್ಯಾಟರಿಯಲ್ಲಿ ಅದು ನನ್ನ ಕೆಲಸವಲ್ಲ. ಇದನ್ನು ಹಾಗೆಯೇ ಮೊದಲನೆಯದರ ಜೊತೆ ಸರಣಿಯಲ್ಲಿ, ಅಂದರೆ ಒಂದರ ಬೆನ್ನಿಗೆ ಒಂದಾಗಿ, ಜೋಡಿಸುವುದೂ ತಪ್ಪು. ಸರಣಿಯಲ್ಲಿ ಎಲ್ಲ ಸೆಲ್‌ಗಳ ಮೂಲಕ ಹರಿಯುವುದು ಒಂದೇ ಕರೆಂಟು. ಮನೆಯ ವಿದ್ಯುತ್ ಹೋದಾಗ ಸೋತ ಸೆಲ್ ಎಲ್ಲಕ್ಕಿಂತ ಮೊದಲು ಬರಿದಾಗುತ್ತದೆ. ಇನ್ವರ್ಟರ್ ನೋಡುವುದು ಒಟ್ಟು 24 ವೋಲ್ಟನ್ನು ಮಾತ್ರ, ಆ ಒಂದರ ಪಾಡು ಅದಕ್ಕೆ ತಿಳಿಯದು. ಸ್ವಲ್ಪ ಕಾಲದಲ್ಲಿ ಒಳ್ಳೆಯ ಬ್ಯಾಟರಿಯೂ ಕೆಡುತ್ತದೆ.

ಅಳತೆಗಳ ಪಟ್ಟಿ, ನೊರೆಯ ಫೋಟೊ ಎರಡನ್ನೂ ಮಾರಾಟಗಾರರಿಗೆ ಕಳಿಸಿದೆ. ಬದಲಿಸಿಕೊಡಲು ಒಪ್ಪಿದ್ದಾರೆ. ಮೊದಲನೆಯದರ ತಯಾರಿಕೆಯ ತಿಂಗಳಿನದನ್ನೇ ಕಳಿಸಬೇಕೆಂದು ಕೇಳಿಕೊಂಡಿದ್ದೇನೆ. ಅಲ್ಲಿಯವರೆಗೆ ಮೊದಲ ಬ್ಯಾಟರಿ ಟ್ರಾಲಿಯ ಮೇಲಿರುತ್ತದೆ. ಅದರ ಪಕ್ಕಕ್ಕೆ ಆರು ಸೆಲ್‌ಗಳ ಅಂಕಿ, ದಿನಾಂಕ ಬರೆದ ಚೀಟಿ ಅಂಟಿಸಿದ್ದೇನೆ. ಆರು ತಿಂಗಳ ನಂತರ ಮತ್ತೆ ಅಳೆದಾಗ ಹೋಲಿಸಲು ಬೇಕಾಗುತ್ತದೆ.