ಗುಂಡಿ ಮುಚ್ಚೋಕೆ ಆಗದವರಿಗೆ ನಕ್ಷತ್ರದ ಮಾತು ಯಾಕೆ?

ಬಾಹ್ಯಾಕಾಶದ ಬಗ್ಗೆ ನಾನು ಬಾಯಿ ಬಿಟ್ಟರೆ ಸಾಕು, ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳೇ ಕೇಳುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಎರಡೂ ಬೇರೆ ಬೇರೆ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ.

ಮೊದಲು ಗುಂಡಿ. ರಸ್ತೆ ಹಾಳಾಗುವುದು ಬರೀ ಲಾರಿಗಳಿಂದಲ್ಲ, ನೀರಿನಿಂದ. ಡಾಂಬರಿನ ಸಣ್ಣ ಬಿರುಕಲ್ಲಿ ನೀರು ಇಳಿದು ಕೆಳಗಿನ ಜಲ್ಲಿ, ಮಣ್ಣು ಸಡಿಲವಾಗುತ್ತದೆ, ಮೇಲೆ ಗಾಡಿ ಹೋದಾಗ ಕುಸಿಯುತ್ತದೆ. ಹಿಮ ಬೀಳುವ ಕಡೆ ಕಷ್ಟ ಇನ್ನೂ ಜಾಸ್ತಿ. ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗಿ ಬಿರುಕನ್ನು ಅಗಲ ಮಾಡುತ್ತದೆ. ಚಳಿ ಒಂದೇ ಸಮ ಕೊರೆಯುತ್ತಿದ್ದರೆ ರಸ್ತೆ ಹೇಗೋ ತಡೆದುಕೊಳ್ಳುತ್ತದೆ. ಆದರೆ ಒಂದು ವಾರ ಬೆಚ್ಚಗೆ, ಮುಂದಿನ ವಾರ ಸೊನ್ನೆಗಿಂತ ಕೆಳಗೆ, ಮತ್ತೆ ಬೆಚ್ಚಗೆ ಅಂತ ಚಳಿಗಾಲ ಹದ ತಪ್ಪಿದರೆ, ಕರಗಿದ ನೀರು ಪ್ರತಿ ಸಲ ಇನ್ನಷ್ಟು ಒಳಗೆ ಇಳಿದು ಅಲ್ಲೇ ಗಟ್ಟಿಯಾಗುತ್ತದೆ. ಬಿರುಕನ್ನು ಸಮಯಕ್ಕೆ ತುಂಬಿ, ಚರಂಡಿ ಸರಿ ಇಟ್ಟುಕೊಂಡರೆ ಎಷ್ಟೋ ಗುಂಡಿಗಳು ಹುಟ್ಟುವುದೇ ಇಲ್ಲ.

ಈಗ ನಾಸಾದ ಬಾಹ್ಯಾಕಾಶ ನೌಕೆ ವಾಯೇಜರ್ 1 ನೋಡಿ. 1977ರಲ್ಲಿ ಹೊರಟಿದ್ದು, 2012ರಲ್ಲಿ ನಕ್ಷತ್ರಗಳ ನಡುವಿನ ಜಾಗಕ್ಕೆ ಕಾಲಿಟ್ಟಿತು. ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಇರುವುದು 4.24 ಜ್ಯೋತಿರ್ವರ್ಷ ದೂರದಲ್ಲಿ, ಈ ವೇಗದಲ್ಲಿ ನೇರ ಅತ್ತ ಹೊರಟರೂ 70 ಸಾವಿರ ವರ್ಷಕ್ಕೂ ಜಾಸ್ತಿ ಬೇಕು.

2023ರ ನವೆಂಬರಿನಲ್ಲಿ ಅದು ಅರ್ಥವಿಲ್ಲದ ಸಂಕೇತ ಕಳಿಸತೊಡಗಿತು. ಒಂದು ಮೆಮೊರಿ ಚಿಪ್ ಕೆಟ್ಟಿತ್ತು. ಬದಲಾಯಿಸೋಣ ಅಂದರೆ ಯಾರು ಹೋಗುತ್ತಾರೆ? ಎಂಜಿನಿಯರುಗಳು ಆ ಚಿಪ್‌ನಲ್ಲಿದ್ದ ಪ್ರೋಗ್ರಾಮನ್ನು ತುಂಡು ತುಂಡು ಮಾಡಿ, ಮೆಮೊರಿಯಲ್ಲಿ ಖಾಲಿ ಇದ್ದ ಬೇರೆ ಬೇರೆ ಮೂಲೆಗಳಿಗೆ ಸೇರಿಸಿದರು. ನೌಕೆ ಅಷ್ಟು ದೂರ ಇದ್ದಿದ್ದರಿಂದ ಒಂದು ಆದೇಶ ಕಳಿಸಿ ಉತ್ತರ ಪಡೆಯಲು ಸುಮಾರು 45 ಗಂಟೆ ಕಾಯಬೇಕಿತ್ತು. ಕಾದರು. 2024ರ ಏಪ್ರಿಲಿನಲ್ಲಿ ಅದು ಮತ್ತೆ ಅರ್ಥವಾಗುವಂತೆ ಮಾತಾಡಿತು. ಅದನ್ನು ಓದಿದ ದಿನ ನನಗೆ ಕಣ್ಣು ತುಂಬಿ ಬಂದಿತ್ತು.

ವಾಯೇಜರ್‌ಗೂ ಒಂದು ಚಳಿಗಾಲ ಬಂದಿದೆ. ಪ್ಲುಟೋನಿಯಂನಿಂದ ಬರುವ ವಿದ್ಯುತ್ ವರ್ಷಕ್ಕೆ ಸುಮಾರು 4 ವ್ಯಾಟ್ ಕಮ್ಮಿಯಾಗುತ್ತಿದೆ, ಹಾಗಾಗಿ ಹೀಟರುಗಳನ್ನು ಒಂದೊಂದಾಗಿ ಆರಿಸುತ್ತಾ ಬಂದಿದ್ದಾರೆ. ಯಾವುದನ್ನು ಆರಿಸಬೇಕು, ಯಾವುದನ್ನು ಉಳಿಸಬೇಕು ಅಂತ ಪ್ರತಿ ವರ್ಷ ಕೂತು ಲೆಕ್ಕ ಹಾಕುವವರಿದ್ದಾರಲ್ಲ, ಅಂಥವರು ರಸ್ತೆಗೂ ಬೇಕು. ಗುಂಡಿ ಬಿದ್ದ ಮೇಲೆ ತೇಪೆ ಹಾಕಿ ಹೋಗುವವರಲ್ಲ, ಬಿರುಕು ಇದ್ದಾಗಲೇ ಬಂದು ಬಗ್ಗಿ ನೋಡುವವರು.