ಕಾಲೆಟ್ ನೋಡಿ ತಂದ ರೂಟರ್

19 ಏಪ್ರಿಲ್ 2025, ಶನಿವಾರ
ಕಲಬುರಗಿ

ಅಂತೂ ಇವತ್ತು ರೂಟರ್ ತಂದೆ. ವೈಫೈಯದಲ್ಲ, ಬಿಟ್ ಎನ್ನುವ ತಿರುಗುವ ಅಲಗಿನಿಂದ ಅಂಚು ಕೊಯ್ಯುವ ಬಡಗಿಯ ಯಂತ್ರ. ಹದಿನೈದು ದಿನದಿಂದ ತಲೆ ತಿನ್ನುತ್ತಿತ್ತು.

ಎಲ್ಲಕ್ಕೂ ಕಾರಣ ಸೇಡಂ ರಸ್ತೆಯ ಟೀಚರ್ ಮನೆ. ಅಡುಗೆ ಕಟ್ಟೆಗೆ ಅವರಿಗೆ ಕೋರಿಯನ್ (Corian) ಅನ್ನೋ ಬ್ರ್ಯಾಂಡಿನ ಥರದ ಶೀಟೇ ಬೇಕು. ಎಲ್ ಆಕಾರ, ಜೋಡಿಸಿದ್ದು ಕಾಣಬಾರದು. ಅವರ ಅತ್ತೆ ಬಾಗಿಲಲ್ಲೇ ನನ್ನನ್ನು ತಡೆದು ಕೇಳಿದರು, "ಯಾಕಪ್ಪಾ, ನಮ್ಮ ಶಹಾಬಾದ್ ಕಲ್ಲಿಗಿ ಏನ್ ರೋಗ ಬಂದದ?" ಏನು ಹೇಳಲಿ? ನಮ್ಮ ಮನೆಯ ಕಟ್ಟೆಯೂ ಅದೇ ಕಲ್ಲಿನದು. ಸುಮ್ನೆ ನಕ್ಕು ಟೇಪು ಹಿಡಿದು ಒಳಗೆ ಹೋದೆ.

ಈ ಶೀಟು ಕಲ್ಲಲ್ಲ. ಅಕ್ರಿಲಿಕ್ಕಿಗೆ ಖನಿಜದ ಬಿಳಿ ಪುಡಿ ಬೆರೆಸಿ ಎರಕ ಹೊಯ್ದದ್ದು, ದಪ್ಪ 12 ಎಂಎಂ. ಮರದ ಕೆಲಸದ ಹತ್ಯಾರಕ್ಕೇ ಬಗ್ಗುತ್ತದೆ. ಅದಕ್ಕೇ ಈ ಕೆಲಸ ಕಲ್ಲಿನವರನ್ನು ಬಿಟ್ಟು ನಮ್ಮಂಥ ಬಡಗಿಗಳ ಹತ್ತಿರ ಬರುತ್ತದೆ.

ಎರಡು ವರ್ಷದ ಹಿಂದೆ ಇದೇ ಶೀಟಿನಲ್ಲಿ ನಾನು ಕೈ ಸುಟ್ಟುಕೊಂಡವನು. ಒಂದು ವಾಶ್‌ಬೇಸಿನ್ ಕಟ್ಟೆಗೆ ಜಿಗ್‌ಸಾ ಗರಗಸದಲ್ಲಿ ತೂತು ಕೊಯ್ದಿದ್ದೆ. ಮೂಲೆಗಳು ಚೌಕ, ಅಂಚು ಒರಟು. ಬೇಸಿಗೆ ಬಂದಿದ್ದೇ ತಡ, ಒಂದು ಮೂಲೆಯಿಂದ ಕೂದಲಿನಂಥ ಬಿರುಕು ಹೊರಟಿತು. ತಪ್ಪು ನನ್ನದೇ. 30 ಡಿಗ್ರಿ ಬಿಸಿ ಏರಿದರೆ ಈ ಶೀಟು ಮೀಟರಿಗೆ ಸುಮಾರು 1 ಎಂಎಂ ಹಿಗ್ಗುತ್ತದೆ. ಆ ಎಳೆತವೆಲ್ಲ ಚೂಪು ಮೂಲೆಗೇ ಹೋಗಿ ಕೂರುತ್ತದೆ. ನಮ್ಮೂರ ಬಿಸಿಲು ಗೊತ್ತಲ್ವಾ. ಒಳಮೂಲೆ ದುಂಡಗಿರಬೇಕು, ಅಂಚು ನುಣ್ಣಗಿರಬೇಕು. ಅಂದರೆ ರೂಟರೇ ಬೇಕು.

ಮೊದಲು ನನ್ನ ಹಳೆಯ ಟ್ರಿಮ್ಮರಿನಲ್ಲೇ ನೋಡೋಣ ಅಂದುಕೊಂಡೆ. ಹೋದ ವಾರ ಒಂದು ತುಂಡಿನ ಮೇಲೆ ಓಡಿಸಿದೆ. ನಾಲ್ಕು ಸಲಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಿದರೂ ಅಂಚಿನ ತುಂಬ ಅಲೆ. ಒಂದು ಕಡೆ ಕೈ ನಿಂತಿತು ನೋಡಿ, ಪುಡಿ ಕರಗಿ ಬಿಟ್‌ಗೆ ಮೆತ್ತಿಕೊಂಡಿತು. ಅದಕ್ಕೆ ವೇಗ ಇಳಿಸುವ ಗುಂಡಿಯೇ ಇಲ್ಲ. ಸನ್‌ಮೈಕಾ ಅಂಚು ತೆಗೆಯುವ ಯಂತ್ರಕ್ಕೆ ಕಟ್ಟೆ ಕೊಯ್ಯುವ ಕೆಲಸ ಹೇಳಿದ್ದು ನನ್ನ ಆಸೆಬುರುಕತನ.

ಬೆಳಿಗ್ಗೆ ಸೂಪರ್ ಮಾರ್ಕೆಟ್ ಪೇಟೆಗೆ ಹೋದೆ. ಅಕ್ಕನ ಮಗನೂ ಜೊತೆಗಿದ್ದ, ಪಿಡಿಎ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಾನೆ. ಅಂಗಡಿಯವರು 1300 ವ್ಯಾಟಿನದನ್ನು ಮುಂದಿಟ್ಟು, "ಹಗುರ ಅದರಿ, ಭಾಳ ಮಂದಿ ಇದೇ ಒಯ್ತಾರ" ಎಂದರು. ಕಾಲೆಟ್, ಅಂದರೆ ಬಿಟ್ಟಿನ ಕಡ್ಡಿ ಹಿಡಿಯುವ ಬಾಯಿ, ಎಷ್ಟು ಅಂದೆ. 8 ಎಂಎಂ ಮೇಲೆ ಹಿಡಿಯುವುದಿಲ್ಲ. ಅವರು ಮತ್ತೆ ವ್ಯಾಟಿಗೇ ಬಂದರು.

ಆಗ ಹುಡುಗ ಬಾಯಿ ಬಿಟ್ಟ. "ಮಾಮಾ, ಬಿಟ್ಟಿನ ಕಡ್ಡಿ ಎರಡರಷ್ಟು ದಪ್ಪ ಆದ್ರ, ಬಾಗೋದು ಹದಿನಾರರಾಗ ಒಂದು ಪಾಲು." ನನ್ನ ಟ್ರಿಮ್ಮರಿನ 6 ಎಂಎಂ ಕಡ್ಡಿ ಎಲ್ಲಿ, 12 ಎಲ್ಲಿ! ನನ್ನ ಅಲೆಗಳ ಲೆಕ್ಕ ಅಲ್ಲೇ ಸಿಕ್ಕಿತು.

ಎಲ್ ಜೋಡಣೆಗೆ ಇದೇ ಮುಖ್ಯ. ಎರಡೂ ಶೀಟನ್ನು ಎದುರುಬದುರು ಇಟ್ಟು, ನಡುವೆ 10 ಎಂಎಂ ಸಂದು ಬಿಟ್ಟು, ಅಲುಗದಂತೆ ಕ್ಲ್ಯಾಂಪ್ ಹಾಕಬೇಕು. ಆ ಸಂದಿನಲ್ಲಿ 12 ಎಂಎಂ ಬಿಟ್ ಹಾಯಿಸಿದರೆ ಎರಡೂ ಅಂಚಿನಿಂದ ಒಂದೊಂದು ಎಂಎಂ ಹೋಗುತ್ತದೆ. ರೂಟರಿಗೆ ದಾರಿ ತೋರಲು ಇಟ್ಟ ಪಟ್ಟಿ ಎಲ್ಲಾದರೂ ಸ್ವಲ್ಪ ಸೊಟ್ಟಗಿದ್ದರೂ ಚಿಂತೆಯಿಲ್ಲ. ಈ ಕಡೆ ಉಬ್ಬಿದ್ದಲ್ಲಿ ಆ ಕಡೆ ತಗ್ಗು, ಎರಡೂ ಕೂಡಿಕೊಳ್ಳುತ್ತವೆ. ಬಿಟ್ ನಡುಗಿದರೆ ಮಾತ್ರ ಈ ಯುಕ್ತಿ ನಡೆಯುವುದಿಲ್ಲ. ಆಮೇಲೆ ಅದೇ ಬಣ್ಣದ ಅಂಟು ಹಾಕಿ ಉಜ್ಜಿದರಾಯಿತು.

ಕೊನೆಗೆ ಮಕೀತಾ ಆರ್‌ಪಿ 2301 ಎಫ್‌ಸಿ ತೆಗೆಸಿದೆ. 2100 ವ್ಯಾಟ್, 12 ಎಂಎಂ ಕಾಲೆಟ್, ವೇಗ ನಿಮಿಷಕ್ಕೆ 9,000ದಿಂದ 22,000 ಸುತ್ತಿನವರೆಗೆ ನಮ್ಮ ಕೈಯಲ್ಲಿ. ಶುರುವಾಗುವಾಗ ಜಿಗಿಯುವುದಿಲ್ಲ. ತೂಕ ಆರು ಕೆ.ಜಿ. ಮೇಲೆ. ಶೀಟಿನ ಮೇಲೆ ತಳ ಊರಿ ಕೂರಲು ಆ ತೂಕ ಒಳ್ಳೆಯದೇ, ಆದರೆ ಸಂಜೆಗೆ ಭುಜ ಹೇಳುತ್ತದೆ. ಬೆಲೆ ಕೇಳಿ ಹೊರಗೆ ಬಂದು ಒಂದು ಚಹಾ ಕುಡಿದೆ. ಮತ್ತೆ ಒಳಗೆ ಹೋಗಿ ದುಡ್ಡು ಎಣಿಸಿದೆ.

ಬಿಟ್ ಕೊಳ್ಳುವಾಗ ಇನ್ನೊಂದು ಪೇಚು. ಅರ್ಧ ಇಂಚು ಅಂದರೆ 12.7 ಎಂಎಂ, ಅದು 12ರ ಕಾಲೆಟ್‌ಗೆ ಹೋಗುವುದಿಲ್ಲ. 12ರ ಬಿಟ್ಟನ್ನು ಅರ್ಧ ಇಂಚಿನ ಕಾಲೆಟ್‌ಗೆ ಹಾಕಿದರೆ ಹಿಡಿತವಿಲ್ಲ, ಓಡುವಾಗ ಜಾರಿ ಬಂದರೆ ದೇವರೇ ಗತಿ. ಅಂಗಡಿಯವರು ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟಿದ್ದರು. ಕ್ಯಾಲಿಪರ್ ಇಸಿದುಕೊಂಡು ಅಳೆದೇ ತಂದೆ. ಎರಡು ನೇರ ಬಿಟ್, ಎರಡಕ್ಕೂ ಕಾರ್ಬೈಡ್ ಹಲ್ಲು.

ಸಂಜೆ ಅದೇ ತುಂಡಿನ ಮೇಲೆ ಒಂದು ಓಟ. ಮೂರು ಸಲಕ್ಕೆ ಇಳಿಸಿದೆ. ಅಂಚಿನ ಮೇಲೆ ಉಗುರು ಎಳೆದರೆ ಎಲ್ಲೂ ತಡೆಯಲಿಲ್ಲ. ಟ್ರಿಮ್ಮರನ್ನೇನೂ ಬಿಸಾಕುವುದಿಲ್ಲ. ಮೇಲಂಚು ದುಂಡು ಮಾಡಲು ಅದೇ ಸಲೀಸು.

ಮಾಸ್ಕ್ ಹಾಕಿದ್ದೆ, ತಲೆಗೆ ಏನೂ ಕಟ್ಟಿರಲಿಲ್ಲ. ಬಾಗಿಲು ತೆರೆದ ನಮ್ಮವಳು, "ಮುಂಜಾನಿ ಹೋದಾಗ ಕೂದಲ ಕರಿ ಇದ್ದುವಲ್ರಿ" ಎಂದಳು.

ನಾಳೆ ಟೀಚರ್ ಮನೆಗೆ ಎಲೆಕ್ಟ್ರಿಷಿಯನ್ ಕಳಿಸಬೇಕು. ಈ ಯಂತ್ರ 9 ಆಂಪಿಯರ್ ಎಳೆಯುತ್ತದೆ, ಅವರ ಅಡುಗೆಮನೆಯಲ್ಲಿ ಇರುವುದು ಬರೀ 6ರ ಪ್ಲಗ್ಗು.